ಬಿಡಾರ ಹೂಡುವ ಮುನ್ನ: ಅಲೆಘೆನಿ ಕಾಡಿನ ಚರಿತ್ರೆಯಿಂದ ಕೆಲವು ಪುಟಗಳು

(ಕೂಟದ ವಸಂತೋತ್ಸವದಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹ ರೂಪ)



ವೈದ್ಯರನ್ನು ವೇದಿಕೆಗೆ ಕರೆದರೆ ಅವರು ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ವಿಷಯವನ್ನೇ ಮಾತನಾಡುತ್ತಾರೆಂಬುದು ನಮ್ಮವರ ಸಹಜವಾದ ನಿರೀಕ್ಷೆ. ಆದರೆ ಹೋಳಿಗೆ ಊಟಕ್ಕೆ ಅರ್ಧ ಗಂಟೆ ಮೊದಲು ಅಂಥ ಮಾತನ್ನಾಡಿ ನಿಮ್ಮ ಶಾಪಕ್ಕೆ ಗುರಿಯಾಗುವ ಧೈರ್ಯ ನಮಗಿಲ್ಲ. ಬೇಸಿಗೆ ರಜೆ ಹತ್ತಿರ ಬರುತ್ತಿದೆ. ನಮ್ಮ ಕೂಟದ ಅನೇಕ ಕುಟುಂಬಗಳು ಈಚಿನ ವರ್ಷಗಳಲ್ಲಿ ಡೇರೆ ಕೊಂಡು ಕಾಡಿನಲ್ಲಿ ರಾತ್ರಿ ಕಳೆಯುವ ಅಭ್ಯಾಸ ಮಾಡಿಕೊಂಡಿವೆ. ಆದ್ದರಿಂದ ಕಾಡಿನಲ್ಲಿ ಬಿಡಾರ ಹೂಡುವ ಜಾಗವನ್ನು ಆರಿಸಿಕೊಳ್ಳುವುದು ಹೇಗೆ, ಆ ಆಯ್ಕೆಯ ಹಿಂದೆ ಎಂಥ ಚರಿತ್ರೆಯಿದೆ ಎಂಬುದನ್ನು ಇಂದಿನ ಮಾತಿಗೆ ವಸ್ತುವಾಗಿ ಎತ್ತಿಕೊಂಡಿದ್ದೇವೆ. ನಾವು ಇತಿಹಾಸಕಾರರಲ್ಲ, ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಈ ದೇಶದಲ್ಲಿ ರೆಸಿಡೆನ್ಸಿ ಮಾಡಿ, ರೋಗಿಗಳ ನಡುವೆ ಆಯುಷ್ಯ ಕಳೆದವರು. ರೋಗಕ್ಕೆ ಮದ್ದು ಬರೆಯುವ ಮೊದಲು ಅದರ ಪೂರ್ವ ಚರಿತ್ರೆ ಕೇಳುವುದು ನಮ್ಮ ಕಸುಬಿನ ಕ್ರಮ. ಅದೇ ಕ್ರಮದಲ್ಲಿ ಕಾಡಿನ ಪೂರ್ವ ಚರಿತ್ರೆಯನ್ನು ಕೇಳಿದ್ದೇವೆ, ಅಷ್ಟೆ.

ಒಂದು ರಾತ್ರಿಯ ಪಾಠ

ನಮ್ಮ ಮೊದಲ ಬಿಡಾರದ ಕಥೆಯಿಂದ ಆರಂಭಿಸುತ್ತೇವೆ. ಇಪ್ಪತ್ತು ವರ್ಷಗಳ ಹಿಂದೆ, ಮಗನಿಗೆ ಎಂಟು ವರ್ಷವಾಗಿದ್ದಾಗ, ಪಿಟ್ಸ್‌ಬರ್ಗಿನಿಂದ ಉತ್ತರಕ್ಕೆ ಮೂರು ಗಂಟೆ ಕಾರು ಓಡಿಸಿ ಅಲೆಘೆನಿ ರಾಷ್ಟ್ರೀಯ ಅರಣ್ಯಕ್ಕೆ ಹೋದೆವು. ಮಲೆನಾಡಿನಲ್ಲಿ ಹುಟ್ಟಿದವರಿಗೆ ಕಾಡಿನ ವಿಷಯದಲ್ಲಿ ಯಾರ ಉಪದೇಶವೂ ಬೇಕಿಲ್ಲವೆಂಬ ಜಂಬ ಬೇರೆ. ಹಳ್ಳದ ಪಕ್ಕದಲ್ಲಿ ತಟ್ಟೆಯಂತೆ ಸಮತಟ್ಟಾದ, ಹಸಿರು ಹುಲ್ಲಿನ ಜಾಗ ಕಂಡಿತು. ಅಂಥ ಜಾಗವನ್ನು ಬೇರೆ ಯಾರೂ ಏಕೆ ಹಿಡಿದಿಲ್ಲವೆಂದು ಯೋಚಿಸಲೂ ಇಲ್ಲ. ರಾತ್ರಿ ಒಂದು ಗಂಟೆಗೆ ಮಳೆ ಹಿಡಿಯಿತು. ಎರಡು ಗಂಟೆಗೆ ಹಾಸಿಗೆ ತೇಲಲಾರಂಭಿಸಿತು. ಬೆಳಗಾಗುವವರೆಗೆ ಮೂವರೂ ಕಾರಿನೊಳಗೆ ಮುದುಡಿ ಕುಳಿತು, ಮನೆಯಿಂದ ತಂದಿದ್ದ ಅವಲಕ್ಕಿಯನ್ನು ಒಗ್ಗರಣೆಯಿಲ್ಲದೆ ತಿಂದೆವು. ದಿಬ್ಬದ ಮೇಲೆ ಒಣಗಿದ ಡೇರೆಯಲ್ಲಿ ಸುಖವಾಗಿ ಮಲಗಿದ್ದ ವೃದ್ಧರೊಬ್ಬರು ಮುಂಜಾನೆ ಬಿಸಿ ಕಾಫಿ ತಂದುಕೊಟ್ಟು, ಹುಲ್ಲು ಅಷ್ಟು ಹಸಿರಾಗಿರುವ ಕಡೆ ನೀರು ನಿಲ್ಲುತ್ತದೆಯಲ್ಲವೆ ಎಂದು ಮೆಲ್ಲಗೆ ಕೇಳಿದರು.

ನಮ್ಮದು ನೀರಿಗೆ ಮನೆಮಠ ಕಳೆದುಕೊಂಡ ವಂಶ. ಆ ಮಾತಿಗೆ ಮುಂದೆ ಬರುತ್ತೇವೆ. ಅಂಥವರೇ ನೀರಿನ ಗುಣವನ್ನು ಮರೆತೆವಲ್ಲ ಎಂಬ ನಾಚಿಕೆಯಿಂದ ಈ ಕಾಡಿನ ವಿಷಯ ಓದಲಾರಂಭಿಸಿದೆವು.

ಈ ದೇಶದ ರಾಷ್ಟ್ರೀಯ ಅರಣ್ಯಗಳಲ್ಲಿ ಬಿಡಾರಕ್ಕೆ ಎರಡು ದಾರಿಗಳಿವೆಯೆಂಬುದು ನಿಮಗೆ ತಿಳಿದದ್ದೇ. ಒಂದು ಕ್ಯಾಂಪ್‌ಗ್ರೌಂಡ್: ಸಂಖ್ಯೆ ಬರೆದ ತಾಣ, ಮರದ ಮೇಜು, ಒಲೆಯ ಬಳೆ, ಶೌಚಾಲಯ, ಬಾಡಿಗೆ. ಇನ್ನೊಂದು ಡಿಸ್ಪರ್ಸ್ಡ್ ಕ್ಯಾಂಪಿಂಗ್. ಇದನ್ನು ನಾವು ಬಿಡಿ ಬಿಡಾರವೆನ್ನೋಣ. ಕಾಡಿನೊಳಗೆ ಮೇಜಿಲ್ಲದ, ನಲ್ಲಿಯಿಲ್ಲದ, ಬಹುಮಟ್ಟಿಗೆ ಬಾಡಿಗೆಯೂ ಇಲ್ಲದ ಜಾಗವನ್ನು ನಾವೇ ಹುಡುಕಿಕೊಂಡು ಇರುವುದು. ಇವೆರಡರಲ್ಲಿ ಯಾವುದು ಮೇಲೆಂದು ನಮ್ಮ ಮಿತ್ರರಲ್ಲಿ ವಾದವಾಗುವುದುಂಟು. ಚರಿತ್ರೆಯನ್ನು ನೋಡಿದರೆ ಆ ವಾದ ಬೇರೆ ರೂಪ ತಾಳುತ್ತದೆ.

ಬಿಡಾರವೆಂಬ ಔಷಧ

ಕಾಡಿನಲ್ಲಿ ಮಲಗುವುದು ಬೇಟೆಗಾರರಿಗೂ ಮರ ಕಡಿಯುವವರಿಗೂ ಕಸುಬಿನ ಅನಿವಾರ್ಯ. ಅದನ್ನು ಪಟ್ಟಣಿಗರ ವಿಹಾರವನ್ನಾಗಿ ಜನಪ್ರಿಯಗೊಳಿಸಿದವರಲ್ಲಿ ಮೊದಲಿಗರು ಬಾಸ್ಟನ್ನಿನ ಪಾದ್ರಿ ವಿಲಿಯಂ ಎಚ್. ಎಚ್. ಮರ್ರೇ ಎಂಬುವರು. ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಕಾಡುಗಳನ್ನು ಕುರಿತು ಅವರು 1869ರಲ್ಲಿ ಪ್ರಕಟಿಸಿದ ಪುಸ್ತಕ ಕೈಯಿಂದ ಕೈಗೆ ಹರಿದಾಡಿತು. ಕಾಡಿನ ಗಾಳಿ ಕ್ಷಯರೋಗಿಯನ್ನೂ ಎಬ್ಬಿಸಿ ನಿಲ್ಲಿಸುತ್ತದೆಂಬ ಭರವಸೆ ಅದರಲ್ಲಿತ್ತು. ಆ ಬೇಸಿಗೆಯಲ್ಲೇ ಜನ ರೈಲು, ಗಾಡಿಗಳಲ್ಲಿ ಕಾಡಿಗೆ ನುಗ್ಗಿದರು. ಉಳಿಯಲು ಜಾಗ ಸಾಲದೆ, ಮಳೆಯಲ್ಲಿ ತೊಯ್ದು, ಕಪ್ಪು ನೊಣಗಳಿಂದ ಕಚ್ಚಿಸಿಕೊಂಡು ಹಿಂದಿರುಗಿದರು. ಪತ್ರಿಕೆಗಳು ಅವರಿಗೆ 'ಮರ್ರೇಯ ಮೂರ್ಖರು' ಎಂದು ಹೆಸರಿಟ್ಟವು. ಆ ಮಳೆಯ ರಾತ್ರಿ ಕಾರಿನಲ್ಲಿ ಕುಳಿತಿದ್ದ ನಾವು ಮೂವರೂ ಅದೇ ಪರಂಪರೆಗೆ ಸೇರಿದವರೆಂದು ಈಗ ತಿಳಿದಿದ್ದೇವೆ.

ಆದರೆ ಮರ್ರೇಯ ಮಾತನ್ನು ವೈದ್ಯರೇ ಪೂರ್ತಿ ತಳ್ಳಿಹಾಕಲಿಲ್ಲ. ಕ್ಷಯಕ್ಕೆ ತುತ್ತಾಗಿದ್ದ ಡಾ. ಎಡ್ವರ್ಡ್ ಲಿವಿಂಗ್‌ಸ್ಟನ್ ಟ್ರುಡೋ 1873ರಲ್ಲಿ ಅದೇ ಅಡಿರಾಂಡಾಕ್ ಕಾಡಿಗೆ ಹೋಗಿ ಚೇತರಿಸಿಕೊಂಡರು. 1884ರಲ್ಲಿ ಸರನಾಕ್ ಲೇಕ್‌ನಲ್ಲಿ ಕ್ಷಯರೋಗಿಗಳಿಗಾಗಿ ಆರೋಗ್ಯಧಾಮವನ್ನು ಸ್ಥಾಪಿಸಿದರು. ಬಿಡಾರವು ಒಂದು ಔಷಧವೆಂಬ ನಂಬಿಕೆ ಹೀಗೆ ಬೇರೂರಿತು. ಎಲ್ಲ ಔಷಧಗಳಂತೆ ಇದಕ್ಕೂ ಅಡ್ಡ ಪರಿಣಾಮವಿರಬೇಕೆಂದು ಆಗ ಯಾರಿಗೂ ಹೊಳೆಯಲಿಲ್ಲ. ಅದನ್ನು ಅನುಭವಿಸಬೇಕಾದದ್ದು ಕಾಡು.

ಮರಗಳ ವೈದ್ಯ

ಮೋಟಾರು ಕಾರು ಬಂದ ಮೇಲೆ ಆ ಪರಿಣಾಮ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಬಿಡಾರವೆಲ್ಲ ಬಿಡಿ ಬಿಡಾರವೇ. ಮನಬಂದ ಕಡೆ ಕಾರು ನಿಲ್ಲಿಸುವುದು, ಕೈಗೆ ಸಿಕ್ಕ ಮರ ಕಡಿಯುವುದು, ಹಳ್ಳದ ದಡದಲ್ಲಿ ಶೌಚ. ಅದೇ ಹಳ್ಳದ ನೀರು ಕೆಳಗಿನ ಊರಿನವರಿಗೆ ಕುಡಿಯುವ ನೀರು. ಕಾಡ್ಗಿಚ್ಚಿನ ಭಯದ ಜೊತೆಗೆ ವಿಷಮಶೀತ ಜ್ವರದ ಭಯವೂ ಸೇರಿ ಅರಣ್ಯ ಇಲಾಖೆ ಎಚ್ಚರಗೊಂಡಿತು. ಒರೆಗಾನ್ ರಾಜ್ಯದ ಈಗಲ್ ಕ್ರೀಕ್‌ನಲ್ಲಿ 1916ರಲ್ಲಿ ಮೇಜು, ಶೌಚಾಲಯಗಳುಳ್ಳ ಸಾರ್ವಜನಿಕ ಕ್ಯಾಂಪ್‌ಗ್ರೌಂಡ್ ಎದ್ದಿತು. ಕೊಲರಾಡೋದ ಪ್ಯೂಬ್ಲೋ ಊರಿನ ನಾಗರಿಕರು ತಾವೇ ಸಂಘ ಕಟ್ಟಿ, ಹಣ ಕೂಡಿಸಿ, ಪಕ್ಕದ ಸ್ಯಾನ್ ಇಸಬೆಲ್ ಅರಣ್ಯದಲ್ಲಿ ತಾಣಗಳನ್ನು ಮಾಡಿಸಿದರು. 1920ರ ದಶಕದ ಆರಂಭದಲ್ಲಿ ಸಂಸತ್ತು ಇಂಥ ಕೆಲಸಕ್ಕೆಂದು ಮೊದಲ ಹಣ ಮಂಜೂರು ಮಾಡಿದಾಗ ಮುಂದಿಟ್ಟ ಕಾರಣಗಳು ಎರಡು: ಸಾರ್ವಜನಿಕ ಆರೋಗ್ಯ ಮತ್ತು ಬೆಂಕಿಯ ತಡೆ. ಕ್ಯಾಂಪ್‌ಗ್ರೌಂಡಿನ ಶೌಚಾಲಯವನ್ನು ನೋಡಿ ಮೂಗು ಮುರಿಯುವ ನಮ್ಮ ಮಕ್ಕಳಿಗೆ ಈ ಸಂಗತಿ ತಿಳಿದಿರಲಿ.

ಆದರೂ ಮರಗಳು ಸಾಯುವುದು ನಿಲ್ಲಲಿಲ್ಲ. ಜನ ಹೆಚ್ಚಾಗಿ ಸೇರುವ ಕಡೆ ದೊಡ್ಡ ಮರಗಳೇ ಸೊರಗಲಾರಂಭಿಸಿದವು. ಕಾರಣ ಹುಡುಕಿದವರು ಎಮಿಲಿಯೊ ಮೈನೆಕೆ ಎಂಬ ಸಸ್ಯರೋಗ ತಜ್ಞರು. ಕ್ಯಾಲಿಫೋರ್ನಿಯದಲ್ಲಿ ಹುಟ್ಟಿ, ಜರ್ಮನಿಯಲ್ಲಿ ಓದಿ ಬಂದವರು. 1928ರಲ್ಲಿ ರೆಡ್‌ವುಡ್ ಮರಗಳ ಉದ್ಯಾನಗಳನ್ನು ಪರೀಕ್ಷಿಸಿ ಅವರು ಬರೆದ ವರದಿಯನ್ನು ಓದಿದಾಗ ಒಳ್ಳೆಯ ಕೇಸ್ ಶೀಟ್ ಓದಿದ ಸಂತೋಷ ನಮಗಾಯಿತು. ಅವರ ರೋಗನಿರ್ಣಯ ಸರಳವಾದುದು. ಮರದ ಆಹಾರ ಹೀರುವ ನವಿರಾದ ಬೇರುಗಳು ನೆಲದ ಮೇಲ್ಪದರದಲ್ಲಿರುತ್ತವೆ. ಸಾವಿರಾರು ಕಾಲುಗಳೂ ಕಾರಿನ ಚಕ್ರಗಳೂ ಮಣ್ಣನ್ನು ತುಳಿದು ಗಟ್ಟಿ ಮಾಡಿದಾಗ ಗಾಳಿಯೂ ನೀರೂ ಒಳಗಿಳಿಯುವುದಿಲ್ಲ, ಬೇರು ಉಸಿರುಕಟ್ಟುತ್ತದೆ. ಮರ ಮಾತ್ರ ಕೂಡಲೆ ಸಾಯುವುದಿಲ್ಲ. ವರ್ಷಗಟ್ಟಲೆ ತನ್ನ ಸಂಗ್ರಹದಿಂದ ಬದುಕಿ, ತುದಿಯಿಂದ ಒಣಗುತ್ತ ಬರುತ್ತದೆ. ಲಕ್ಷಣ ಕಾಣುವ ಹೊತ್ತಿಗೆ ಕಾಲ ಮೀರಿರುತ್ತದೆ. ಇಪ್ಪತ್ತು ವರ್ಷ ಸದ್ದಿಲ್ಲದೆ ಕೆಲಸ ಮಾಡಿ ಒಂದು ದಿನ ಮೂತ್ರಪಿಂಡವನ್ನು ಕೆಡಿಸುವ ಸಕ್ಕರೆ ಕಾಯಿಲೆಯಂತೆ ಇದು.

ಮೈನೆಕೆ ಇನ್ನೂ ಒಂದು ಸೂಕ್ಷ್ಮವನ್ನು ಗಮನಿಸಿದರು. ಒಂದು ಜಾಗ ಹಾಳಾಗಿ ಅಂದಗೆಟ್ಟ ಕೂಡಲೆ ಬಿಡಾರದವರು ಪಕ್ಕದ ಹೊಸ ಜಾಗಕ್ಕೆ ಸರಿಯುತ್ತಾರೆ, ಹುಣ್ಣು ಹಬ್ಬುತ್ತದೆ. ಜನರನ್ನು ಕಾಡಿಗೆ ಬರಬೇಡಿರೆನ್ನುವುದು ಅವರ ಚಿಕಿತ್ಸೆಯಾಗಿರಲಿಲ್ಲ. 1932ರಲ್ಲಿ ಅವರು ಬರೆದ ಕ್ಯಾಂಪ್‌ಗ್ರೌಂಡ್ ನೀತಿ ಹೇಳಿದ್ದಿಷ್ಟು: ದಾರಿಯನ್ನು ಒಂದೇ ದಿಕ್ಕಿನ ಬಳಸು ದಾರಿಯನ್ನಾಗಿ ಮಾಡಿರಿ, ಪ್ರತಿ ತಾಣಕ್ಕೂ ಕಾರು ನಿಲ್ಲಿಸಲು ಓರೆಯಾದ ಪುಟ್ಟ ಕವಲು ಕೊಡಿರಿ, ಕಾರು ಅಲ್ಲಿಂದಾಚೆ ಹೋಗದಂತೆ ದೊಡ್ಡ ಕಲ್ಲು, ಮರದ ದಿಮ್ಮಿಗಳನ್ನಿಡಿರಿ, ಮೇಜು, ಒಲೆಗಳನ್ನು ಕದಲದಂತೆ ನೆಡಿರಿ, ತಾಣಗಳ ನಡುವೆ ಪೊದೆಗಳನ್ನು ಉಳಿಸಿ ಮರೆ ಮಾಡಿರಿ. ಅಂದರೆ ನಾಲ್ಕು ಹೆಜ್ಜೆ ನೆಲವನ್ನು ತುಳಿತಕ್ಕೆಂದೇ ಬಿಟ್ಟುಕೊಟ್ಟು ಉಳಿದ ಕಾಡನ್ನು ಉಳಿಸಿಕೊಳ್ಳುವ ಉಪಾಯ. ಇಂದು ನೀವು ಯಾವ ಕ್ಯಾಂಪ್‌ಗ್ರೌಂಡಿಗೆ ಹೋದರೂ ಕಾಣುವ ಆ ಬಳಸು ದಾರಿ, ಆ ಓರೆ ಕವಲು, ಎತ್ತಿದರೂ ಏಳದ ಆ ಮೇಜು ಇವೆಲ್ಲ ಮೈನೆಕೆಯವರ ಔಷಧ ಚೀಟಿಯಿಂದ ಬಂದವು. ಮೇಜನ್ನು ಮರದ ನೆರಳಿಗೆ ಎಳೆಯಲು ನಾಲ್ಕು ಜನ ಸೇರಿ ಹೆಣಗಿದ್ದ ನಮಗೆ ಅದರ ಅರ್ಥ ಬಹಳ ತಡವಾಗಿ ಆಯಿತು.

ಕಡಿದ ಕಾಡು, ಬೆಳೆದ ಕಾಡು

ಈಗ ಅಲೆಘೆನಿಗೆ ಬರೋಣ. ಪೆನ್ಸಿಲ್ವೇನಿಯದ ವಾಯವ್ಯ ಮೂಲೆಯಲ್ಲಿ, ವಾರೆನ್, ಮೆಕೀನ್, ಫಾರೆಸ್ಟ್, ಎಲ್ಕ್ ಎಂಬ ನಾಲ್ಕು ಕೌಂಟಿಗಳಲ್ಲಿ ಹಬ್ಬಿರುವ ಐದು ಲಕ್ಷ ಎಕರೆಗೂ ಮಿಕ್ಕ ಕಾಡು ಇದು. ರಾಜ್ಯದ ಏಕೈಕ ರಾಷ್ಟ್ರೀಯ ಅರಣ್ಯ. ಇಲ್ಲಿ ಡೇರೆ ಹಾಕಿ ಮೇಲೆ ನೋಡಿದಾಗ ಅನಾದಿ ಕಾಲದ ಕಾಡಿನಲ್ಲಿದ್ದೇವೆಂದು ಅನ್ನಿಸುವುದು ಸಹಜ. ಆದರೆ ಅದು ಭ್ರಮೆ. ಮೂಲತಃ ಇಲ್ಲಿದ್ದದ್ದು ಹೆಮ್ಲಾಕ್, ಬೀಚ್ ಮರಗಳ ದಟ್ಟ ಕಾಡು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಿಂದ ಸುಮಾರು 1920ರವರೆಗೆ ರೈಲು ದಾರಿ ಹಾಕಿ ಹೆಚ್ಚುಕಡಿಮೆ ಬುಡಸಮೇತ ಕಡಿದರು. ಹೆಮ್ಲಾಕ್ ತೊಗಟೆ ಚರ್ಮ ಹದ ಮಾಡುವ ಕಾರ್ಖಾನೆಗಳಿಗೆ ಹೋಯಿತು. ಸಣ್ಣಪುಟ್ಟ ಮರವೂ ಮರದಿಂದ ರಾಸಾಯನಿಕ ತೆಗೆಯುವ ಕಾರ್ಖಾನೆಗಳ ಪಾಲಾಯಿತು. ಉಳಿದದ್ದು ಸೌದೆಪುಳ್ಳೆ ಮತ್ತು ಬೆಂಕಿ.

ನದಿಗಳ ಜಲಾನಯನವನ್ನು ಕಾಪಾಡಲು ಪೂರ್ವದ ರಾಜ್ಯಗಳಲ್ಲಿ ನೆಲ ಕೊಳ್ಳುವ ಅಧಿಕಾರವನ್ನು ಒಕ್ಕೂಟ ಸರ್ಕಾರಕ್ಕೆ ಕೊಟ್ಟದ್ದು 1911ರ ವೀಕ್ಸ್ ಕಾಯಿದೆ. ಅದರಂತೆ ಕೊಂಡ ಬೋಳು ಗುಡ್ಡಗಳನ್ನು 1923ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಕೂಲಿಜ್ ಅಲೆಘೆನಿ ರಾಷ್ಟ್ರೀಯ ಅರಣ್ಯವೆಂದು ಘೋಷಿಸಿದರು. ಜನ ಅದನ್ನು ಪೊದೆಗಳ ರಾಶಿಯೆಂದು ಹಾಸ್ಯ ಮಾಡಿದರು. ಬೆಳಕಿಗೆ ತೆರೆದ ಆ ನೆಲದಲ್ಲಿ ಬ್ಲಾಕ್ ಚೆರಿ ಮರ ಹುಲುಸಾಗಿ ಎದ್ದಿತು. ಇಂದು ಅದೇ ಈ ಕಾಡಿನ ಹೆಸರುವಾಸಿ ಮರ. ಹಳೆಯ ಕಾಡು ಹೇಗಿತ್ತೆಂದು ನೋಡಬೇಕೆನ್ನುವವರು 'ಹಾರ್ಟ್ಸ್ ಕಂಟೆಂಟ್' ಎಂಬಲ್ಲಿಗೆ ಹೋಗಬೇಕು. ವೀಲರ್ ಅಂಡ್ ಡ್ಯೂಸನ್‌ಬರಿ ಎಂಬ ಮರದ ಕಂಪನಿ 1922ರಲ್ಲಿ ಕಡಿಯದೆ ಬಿಟ್ಟುಕೊಟ್ಟ 20 ಎಕರೆ ಅಲ್ಲಿನ ಹಳೆಯ ಕಾಡಿನ ತಿರುಳು.

1933ರಲ್ಲಿ ಆರ್ಥಿಕ ಕುಸಿತದ ನಡುವೆ ಅಧ್ಯಕ್ಷ ರೂಸ್‌ವೆಲ್ಟ್ ಸಿವಿಲಿಯನ್ ಕನ್ಸರ್ವೇಷನ್ ಕೋರ್ ಎಂಬ ತರುಣರ ದಳವನ್ನು ಕಟ್ಟಿದರು. 1942ರವರೆಗೆ ಸುಮಾರು ಮೂವತ್ತು ಲಕ್ಷ ನಿರುದ್ಯೋಗಿ ಯುವಕರು ದೇಶದಾದ್ಯಂತ ಸಸಿ ನೆಟ್ಟರು, ದಾರಿ ಮಾಡಿದರು, ಕ್ಯಾಂಪ್‌ಗ್ರೌಂಡ್ ಕಟ್ಟಿದರು. ಅಲೆಘೆನಿಯ ಲೊಲೆಟ, ಟ್ವಿನ್ ಲೇಕ್ಸ್ ವಿಹಾರ ತಾಣಗಳು ಅವರ ಕೈಕೆಲಸ. ಲೊಲೆಟದಲ್ಲಿ ಹಿಂದೆ ಮರ ಕೊಯ್ಯುವವರ ಊರೇ ಇತ್ತು.

ಈ ಉಜ್ವಲ ಅಧ್ಯಾಯಕ್ಕೆ ಒಂದು ಕಪ್ಪು ಅಂಚೂ ಉಂಟು. ಆ ದಳದಲ್ಲಿ ಕರಿಯ ಯುವಕರನ್ನು ಪ್ರತ್ಯೇಕ ಶಿಬಿರಗಳಿಗೆ ಕಳುಹಿಸುವುದೇ ನಿಯಮವಾಯಿತು. ವರ್ಜೀನಿಯದ ಶೆನಂಡೋವ ರಾಷ್ಟ್ರೀಯ ಉದ್ಯಾನದಲ್ಲಿ 1939ರಲ್ಲಿ ತೆರೆದ ಲೂಯಿಸ್ ಮೌಂಟನ್ ತಾಣ ಕರಿಯರಿಗೆಂದೇ ಬೇರೆಯಾಗಿಟ್ಟ ತಾಣ. ಆ ಭೇದ ಪೂರ್ತಿ ಅಳಿದದ್ದು 1950ರಲ್ಲಿ. ಎಲ್ಲಿ ಡೇರೆ ಹಾಕಬೇಕೆಂಬ ಆಯ್ಕೆ ಎಲ್ಲರಿಗೂ ಇರಲಿಲ್ಲ. ಇಂದು ನಾವು ಸಾರಿನ ಪಾತ್ರೆಯೊಡನೆ ಯಾವ ತಾಣಕ್ಕಾದರೂ ನಿರ್ಭಯವಾಗಿ ಹೋಗುತ್ತೇವೆಂದರೆ, ಆ ದಾರಿಯನ್ನು ನಮಗಿಂತ ಮೊದಲು ಹೋರಾಡಿ ತೆರೆದವರು ಬೇರೆ ಯಾರೋ. ಆ ಋಣವನ್ನು ನೆನೆಯಬೇಕು.

ನೀರಿನ ಕೆಳಗಿನ ಊರು

ಅಲೆಘೆನಿ ಅರಣ್ಯದ ಅತಿ ಸುಂದರ ತಾಣಗಳು ಕಿಂಜೂವ ಅಣೆಕಟ್ಟಿನ ಜಲಾಶಯದ ದಡದಲ್ಲಿವೆ. ಕಿಯಾಸೂತ, ವಿಲೋ ಬೇ, ಡ್ಯೂಡ್ರಾಪ್ ಮೊದಲಾದವು ಕಾರು ಹೋಗುವ ಕ್ಯಾಂಪ್‌ಗ್ರೌಂಡುಗಳು. ಹ್ಯಾಂಡ್‌ಸಮ್ ಲೇಕ್ ತಾಣಕ್ಕೆ ದೋಣಿಯಲ್ಲಿ ಅಥವಾ ಕಾಲುದಾರಿಯಲ್ಲಿ ಹೋಗಬೇಕು. ಒಂದು ಸಂಜೆ ಆ ದಡದಲ್ಲಿ ಮೀನು ಹಿಡಿಯುತ್ತಿದ್ದ ಒಬ್ಬ ಮುದುಕರು ನಮ್ಮ ಮಗನಿಗೆ ನೀರಿನ ನಡುವಿಗೆ ಬೆರಳು ತೋರಿಸಿ, ಅಲ್ಲಿ ಕೆಳಗೆ ಊರುಗಳಿದ್ದವೆಂದು ಹೇಳಿದರು. ಹುಡುಗ ಓಡಿಬಂದು, "ಅಪ್ಪಾ, ಇಲ್ಲಿ ಯಾರ ಮನೆ ಇತ್ತು?" ಎಂದು ಕೇಳಿದ. ನಮ್ಮಲ್ಲಿ ಉತ್ತರವಿರಲಿಲ್ಲ.

ಉತ್ತರ ಹೀಗಿದೆ. ಹ್ಯಾಂಡ್‌ಸಮ್ ಲೇಕ್ ಎಂಬುದು ಮೂಲದಲ್ಲಿ ಕೆರೆಯ ಹೆಸರಲ್ಲ, ಮನುಷ್ಯನ ಹೆಸರು. 1799ರಲ್ಲಿ ಇಲ್ಲಿಯೇ, ಅಲೆಘೆನಿ ನದಿಯ ದಡದ ಹಳ್ಳಿಯಲ್ಲಿ, ದರ್ಶನಗಳನ್ನು ಕಂಡು ತನ್ನ ಜನರಿಗೆ ಹೊಸ ಧರ್ಮಮಾರ್ಗ ತೋರಿದ ಸೆನೆಕ ಪ್ರವಾದಿ ಆತ. ಆತನ ಸಹೋದರ ಕಾರ್ನ್‌ಪ್ಲಾಂಟರ್ ಸೆನೆಕರ ನಾಯಕ. ಕಿಯಾಸೂತ ಎಂಬುದೂ ಸೆನೆಕ ನಾಯಕನೊಬ್ಬನ ಹೆಸರೇ. 1794ರ ಕನಂಡೇಗ್ವ ಒಪ್ಪಂದದಲ್ಲಿ ವಾಷಿಂಗ್ಟನ್ನರ ಸರ್ಕಾರ ಸೆನೆಕರ ನೆಲ ಅವರದೇ, ಅವರು ಮಾರಲೊಪ್ಪುವವರೆಗೆ ಅದನ್ನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟಿತ್ತು.

1936ರ ಮಾರ್ಚಿನಲ್ಲಿ ಪಿಟ್ಸ್‌ಬರ್ಗನ್ನು ಮಹಾ ಪ್ರವಾಹ ಮುಳುಗಿಸಿತು. ನದಿಯ ಮೇಲ್ಭಾಗದಲ್ಲಿ ಅಣೆಕಟ್ಟು ಬೇಕೆಂಬ ಕೂಗು ಬಲವಾಯಿತು. ಅದರ ನೀರು ನಿಲ್ಲುವುದು ಸೆನೆಕರ ನೆಲದಲ್ಲಿ. ಸೆನೆಕರು ನ್ಯಾಯಾಲಯಕ್ಕೆ ಹೋದರು. 1959ರಲ್ಲಿ ಸರ್ವೋಚ್ಚ ನ್ಯಾಯಾಲಯ ಮೊಕದ್ದಮೆಯನ್ನು ಕೈಗೆತ್ತಿಕೊಳ್ಳಲಿಲ್ಲ. ಟೆನೆಸಿ ಕಣಿವೆ ಪ್ರಾಧಿಕಾರದ ಮೊದಲ ಅಧ್ಯಕ್ಷರಾಗಿದ್ದ ಎಂಜಿನಿಯರ್ ಆರ್ಥರ್ ಮಾರ್ಗನ್ ಅವರು ಸೆನೆಕರ ಪರವಾಗಿ ಬೇರೆ ಯೋಜನೆಯೊಂದನ್ನು ಮುಂದಿಟ್ಟರು, ಅದನ್ನು ಒಪ್ಪಲಿಲ್ಲ. 1961ರಲ್ಲಿ ಅಧ್ಯಕ್ಷ ಕೆನಡಿ ಕೆಲಸ ನಿಲ್ಲಿಸಲಾಗದೆಂದು ಸೆನೆಕರಿಗೆ ಪತ್ರ ಬರೆದರು. 1965ರಲ್ಲಿ ಅಣೆಕಟ್ಟು ಮುಗಿಯಿತು. ಸುಮಾರು 10,000 ಎಕರೆ ಸೆನೆಕ ನೆಲ ಹೋಯಿತು. ಸುಮಾರು 600 ಜನ ಮನೆ ಬಿಟ್ಟರು. ಕಾರ್ನ್‌ಪ್ಲಾಂಟರನ ಸಮಾಧಿಯನ್ನೇ ಅಗೆದು ಎತ್ತರದ ಸ್ಮಶಾನಕ್ಕೆ ಸಾಗಿಸಬೇಕಾಯಿತು. ಕಿಂಜೂವ, ಕೊರಿಡನ್ ಎಂಬ ಬಿಳಿಯರ ಊರುಗಳೂ ಮುಳುಗಿದವು. ಸಂಸತ್ತು ಪರಿಹಾರವಾಗಿ ಸುಮಾರು ಒಂದೂವರೆ ಕೋಟಿ ಡಾಲರ್ ಕೊಟ್ಟದ್ದು 1964ರಲ್ಲಿ, ನೀರು ಬಾಗಿಲಿಗೆ ಬಂದ ಮೇಲೆ.

1964 ಎಂಬ ಇಸವಿಯನ್ನು ಓದಿದಾಗ ಪುಸ್ತಕ ಮುಚ್ಚಿಟ್ಟೆವು. ಅದೇ ವರ್ಷ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು. ಅದರ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳಲ್ಲೊಂದು ನಮ್ಮ ಅಜ್ಜನದು. ನಾವು ಹುಟ್ಟಿದ್ದು ಮುಳುಗಡೆಯ ಐದಾರು ವರ್ಷಗಳ ಬಳಿಕ, ಹೊಸದಾಗಿ ಕಾಡು ಕಡಿದು ಕೊಟ್ಟ ಜಾಗದಲ್ಲಿ. ಅಜ್ಜಿ ಹೇಳುತ್ತಿದ್ದುದು ಅಡಿಕೆ ತೋಟದ ಮಾತಲ್ಲ. ಬಚ್ಚಲ ಹಂಡೆಯನ್ನು ಹುಗಿದಿದ್ದ ಒಲೆಯನ್ನು ಬಿಟ್ಟು ಬರಬೇಕಾಯಿತಲ್ಲ ಎಂಬ ಮಾತು. ಬೇಸಿಗೆಯಲ್ಲಿ ನೀರಿಳಿದಾಗ 1948ರಲ್ಲಿ ಮುಗಿದಿದ್ದ ಹಿರೇಭಾಸ್ಕರ ಅಣೆಕಟ್ಟು, ತಾನೇ ಮುಳುಗಿದ ಅಣೆಕಟ್ಟು, ಮೇಲೆದ್ದು ಕಾಣುತ್ತದೆ. ಅಪ್ಪ ಅದನ್ನು ತೋರಿಸಲು ನಮ್ಮನ್ನು ಕರೆದುಕೊಂಡು ಹೋಗಿದ್ದರು. ಸಂತ್ರಸ್ತರಲ್ಲಿ ಅನೇಕರಿಗೆ ಹೊಸ ಜಾಗದ ಹಕ್ಕುಪತ್ರ ಸಿಗಲು ದಶಕಗಳು ಸಾಲಲಿಲ್ಲ.

ಬಂಧುಗಳೆ, ನಿಜವಾದ ಪ್ರಶ್ನೆ ಇಲ್ಲಿದೆ. ಶರಾವತಿಯ ವಿದ್ಯುತ್ತು ಮೈಸೂರಿನ ಹಾಸ್ಟೆಲಿನಲ್ಲಿ ಉರಿಯಿತು. ಅದೇ ದೀಪದ ಕೆಳಗೆ ಅಂಗರಚನಾಶಾಸ್ತ್ರ ಓದಿ ನಾವು ವೈದ್ಯರಾದೆವು. 1972ರಲ್ಲಿ ಆಗ್ನೆಸ್ ಚಂಡಮಾರುತದ ಮಳೆ ಸುರಿದಾಗ ಪಿಟ್ಸ್‌ಬರ್ಗಿನ ರಕ್ಷಣೆಗೆ ಒದಗಿದ್ದು ಕಿಂಜೂವ ಅಣೆಕಟ್ಟು. ಅದರ ಕೆಳಗಿನ ಊರಿನಲ್ಲಿ ನಾವು ಮನೆ ಕೊಂಡಿದ್ದೇವೆ. ಅಲ್ಲಿ ಕಳೆದುಕೊಂಡವರೂ ನಾವೇ, ಪಡೆದುಕೊಂಡವರೂ ನಾವೇ. ಇಲ್ಲಿ ಪಡೆದುಕೊಂಡವರು ಮಾತ್ರ. ಅಣೆಕಟ್ಟು ತಪ್ಪೇ ಸರಿಯೇ ಎಂದು ತೀರ್ಪು ಕೊಡುವ ಯೋಗ್ಯತೆ ನಮಗಿಲ್ಲ. ಆದರೆ ಆ ದಡದಲ್ಲಿ ಡೇರೆ ಹಾಕಿ, "ಎಂಥ ನಿರ್ಜನವಾದ ಜಾಗ!" ಎಂದು ಉದ್ಗರಿಸುವ ಮಾತನ್ನು ಅಂದಿನಿಂದ ಬಿಟ್ಟಿದ್ದೇವೆ. ಲಿಂಗನಮಕ್ಕಿಯ ಹಿನ್ನೀರಿನ ದಡದಲ್ಲಿ ವಿಹಾರಕ್ಕೆ ಬಂದವರು ಯಾರಾದರೂ ಹಾಗೆಂದರೆ ಅಜ್ಜಿಗೆ ಹೇಗಾಗುತ್ತಿತ್ತು?

ಬಿಡಿ ಬಿಡಾರದ ಆಯ್ಕೆ

ಈ ಚರಿತ್ರೆಯಿಂದ ನಮ್ಮ ಆಯ್ಕೆಗೆ ಸಿಗುವ ಬುದ್ಧಿಯೇನು?

ಚಿಕ್ಕ ಮಕ್ಕಳು, ವೃದ್ಧ ತಂದೆತಾಯಿಗಳು, ನಾಲ್ಕಾರು ಕುಟುಂಬಗಳು ಕೂಡಿ ಹೋಗುವುದಾದರೆ ಕ್ಯಾಂಪ್‌ಗ್ರೌಂಡೇ ಸರಿ. ಅದು ಅಂಜುಬುರುಕರ ಬಿಡಾರವೆಂದು ಯಾರೂ ಹೀಗಳೆಯಬೇಕಿಲ್ಲ. ಇಪ್ಪತ್ತು ಜನರ ತುಳಿತವನ್ನು ತಾಳಿಕೊಳ್ಳಲೆಂದೇ ಆ ನೆಲವನ್ನು ಗಟ್ಟಿಮಾಡಿ ಕೊಟ್ಟಿದೆ. ಗುರುತಿಸಿದ ಚೌಕದೊಳಗೇ ಡೇರೆ ಹಾಕಿದರೆ ಮೈನೆಕೆಯವರ ಚೀಟಿಯನ್ನು ಪಾಲಿಸಿದಂತೆ.

ಇಬ್ಬರು ಮೂವರು ಹೋಗುವುದಾದರೆ ಬಿಡಿ ಬಿಡಾರದ ಸುಖ ಬೇರೆಯೇ. ಅಲೆಘೆನಿಯಲ್ಲಿ 1984ರಲ್ಲಿ ವನ್ಯಪ್ರದೇಶವೆಂದು ಘೋಷಿತವಾದ ಹಿಕರಿ ಕ್ರೀಕ್, ಕಾಡನ್ನು ಉದ್ದಕ್ಕೂ ಹಾಯುವ ನಾರ್ತ್ ಕಂಟ್ರಿ ಕಾಲುದಾರಿ ಇವೆರಡೂ ಅದಕ್ಕೆ ಹೇಳಿಮಾಡಿಸಿದವು. ಆದರೆ ಇಲ್ಲಿ ಮೇಜು ನೆಟ್ಟು ನಮ್ಮನ್ನು ಕಟ್ಟಿಹಾಕುವವರಿಲ್ಲ. ಆ ಕೆಲಸವನ್ನು ನಮ್ಮ ವಿವೇಕವೇ ಮಾಡಬೇಕು. ಮೊದಲು ಅರಣ್ಯ ಕಚೇರಿಗೆ ಫೋನು ಮಾಡಿ ಎಲ್ಲಿ ಅನುಮತಿಯಿದೆ, ಎಲ್ಲಿಲ್ಲ, ಬೆಂಕಿಗೆ ನಿಷೇಧವಿದೆಯೇ ಎಂದು ಕೇಳಿರಿ. ಜಲಾಶಯದ ಅಂಚಿನಲ್ಲಿ ಗೊತ್ತುಪಡಿಸಿದ ತಾಣಗಳ ಹೊರತು ಬೇರೆಡೆ ಉಳಿಯುವಂತಿಲ್ಲ. ಈ ಕಾಡಿನ ನೆಲದಡಿಯ ಎಣ್ಣೆ, ಅನಿಲಗಳ ಹಕ್ಕು ಬಹುಮಟ್ಟಿಗೆ ಖಾಸಗಿಯವರದು. ಅಮೆರಿಕದ ಎಣ್ಣೆಯ ಉದ್ಯಮ ಆರಂಭವಾದ ಟೈಟಸ್‌ವಿಲ್ ಇಲ್ಲಿಗೆ ದೂರವಲ್ಲ. ಚಂದದ ಜಲ್ಲಿ ದಾರಿಯೊಂದು ಎಣ್ಣೆ ಬಾವಿಯ ಮುಂದೆ ಕೊನೆಗೊಳ್ಳಬಹುದು. ಆದ್ದರಿಂದ ಬೆಳಕಿರುವಾಗಲೇ ಹೋಗಿ ಜಾಗ ನೋಡಬೇಕು.

ಜಾಗ ಕಂಡಾಗ ಮೊದಲು ಮೇಲೆ ನೋಡಿರಿ. ಆಶ್ ಮರಗಳನ್ನು ಕೊಲ್ಲುವ ಹಸಿರು ಕೊರಕ ಹುಳು 2002ರಲ್ಲಿ ಡೆಟ್ರಾಯಿಟ್ ಬಳಿ ಪತ್ತೆಯಾಗಿ, 2007ರಲ್ಲಿ ಪೆನ್ಸಿಲ್ವೇನಿಯದಲ್ಲಿ ಕಂಡಿತು. ಬೀಚ್ ಮರಕ್ಕೂ ತೊಗಟೆ ರೋಗ ತಗುಲಿದೆ. ಸತ್ತ ಮರದ ಕೆಳಗೆ, ಒಣಕೊಂಬೆಯ ಕೆಳಗೆ ಡೇರೆ ಬೇಡ. ಈ ಹುಳು ದೂರದೂರಿಗೆ ಪಯಣಿಸುವುದು ನಮ್ಮ ಕಾರಿನ ಡಿಕ್ಕಿಯಲ್ಲಿಯ ಸೌದೆಯ ಮೂಲಕ. ಮನೆಯಿಂದ ಸೌದೆ ಒಯ್ಯುವುದೆಂದರೆ ಸೋಂಕು ಹರಡುವುದೆಂದೇ ತಿಳಿಯಿರಿ. ಹೋದ ಊರಿನಲ್ಲೇ ಕೊಳ್ಳಿರಿ.

ಆಮೇಲೆ ಕೆಳಗೆ ನೋಡಿರಿ. ತಗ್ಗು ಬೇಡ, ನಮ್ಮ ಅವಲಕ್ಕಿಯ ರಾತ್ರಿ ನೆನಪಿರಲಿ. ಹಳ್ಳದಿಂದ ಕನಿಷ್ಠ 200 ಅಡಿ, ಅಂದರೆ ಎಪ್ಪತ್ತು ದೊಡ್ಡ ಹೆಜ್ಜೆ ದೂರವಿರಲಿ. ಶೌಚದ ಗುಂಡಿಯೂ ಅಷ್ಟೇ ದೂರದಲ್ಲಿ ಆರರಿಂದ ಎಂಟು ಅಂಗುಲ ಆಳವಿರಲಿ. ಹಿಂದಿನವರು ಉಳಿದು ಗಟ್ಟಿಯಾದ ಜಾಗವಿದ್ದರೆ ಅಲ್ಲೇ ಉಳಿಯಿರಿ, ಪಕ್ಕದಲ್ಲಿ ಹೊಸ ಗಾಯ ಮಾಡಬೇಡಿರಿ. ಎತ್ತರದ ಹುಲ್ಲು, ಎಲೆ ರಾಶಿಗಳಲ್ಲಿ ಉಣ್ಣೆಗಳಿರುತ್ತವೆ. 1975ರಲ್ಲಿ ಕನೆಟಿಕಟ್‌ನ ಲೈಮ್ ಊರಿನ ಮಕ್ಕಳಲ್ಲಿ ಕೀಲುನೋವಾಗಿ ಗಮನಕ್ಕೆ ಬಂದು, 1982ರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಅವರು ರೋಗಾಣುವನ್ನು ಗುರುತಿಸಿದ ಲೈಮ್ ರೋಗ ಅವುಗಳಿಂದ ಬರುತ್ತದೆ. ಹೆಚ್ಚು ರೋಗಿಗಳು ವರದಿಯಾಗುವ ರಾಜ್ಯಗಳಲ್ಲಿ ನಮ್ಮದೂ ಒಂದು. ರಾತ್ರಿ ಮಲಗುವ ಮುನ್ನ ಮಕ್ಕಳ ಮೊಣಕಾಲ ಹಿಂಭಾಗ, ಕಂಕುಳು, ನೆತ್ತಿಗಳನ್ನು ಪರೀಕ್ಷಿಸಿರಿ. ವೈದ್ಯರೆಂಬ ಅಧಿಕಾರದಿಂದ ಇಂದು ನಾವು ಹೇಳುವ ಮಾತು ಇದೊಂದೇ.

ಕೊನೆಯದಾಗಿ ಸುತ್ತ ನೋಡಿರಿ. ಕಾಡಿನ ನಡುವೆ ಮುದಿ ಸೇಬಿನ ಮರ, ಸಾಲು ಕಲ್ಲು, ಮುಚ್ಚಿಹೋದ ಬಾವಿ ಕಂಡರೆ ಅದು ಯಾರದೋ ಅಂಗಳ. ಅಲ್ಲಿ ಮೊಳೆ ಹೊಡೆಯಬೇಡಿರಿ. ನಾಲ್ಕು ಹೆಜ್ಜೆ ಆಚೆ ಹೋಗಿರಿ.

ಕೊನೆಯ ಮಾತು

ಜಲಾಶಯದ ಉತ್ತರ ತುದಿಯಲ್ಲಿ, ನ್ಯೂಯಾರ್ಕ್ ರಾಜ್ಯದ ಸಲಮಾಂಕದಲ್ಲಿ, ಸೆನೆಕರು ತಮ್ಮದೇ ವಸ್ತುಸಂಗ್ರಹಾಲಯವನ್ನು ನಡೆಸುತ್ತಿದ್ದಾರೆ. ಮುಳುಗಿದ ಊರುಗಳ ಕಥೆಯನ್ನು ಅವರ ಬಾಯಿಂದಲೇ ಕೇಳಬೇಕು. ಈ ಬೇಸಿಗೆಯಲ್ಲಿ ಅಲೆಘೆನಿಗೆ ಹೋಗುವ ಕುಟುಂಬಗಳು ಒಂದು ಮಧ್ಯಾಹ್ನವನ್ನು ಅದಕ್ಕೆ ಮೀಸಲಿಡಬೇಕೆಂದು ಕೋರುತ್ತೇವೆ.

ನಮ್ಮ ಮಗ ಈಗ ಇಪ್ಪತ್ತೆಂಟರ ಯುವಕ. ಹೋದ ಅಕ್ಟೋಬರಿನಲ್ಲಿ ಅವನೊಡನೆ ಮತ್ತೆ ಆ ದಡದಲ್ಲಿ ಉಳಿದೆವು. ಜಾಗವನ್ನು ಅವನೇ ಆರಿಸಿದ, ನಮ್ಮನ್ನು ಕೇಳಲಿಲ್ಲ. ದಿಬ್ಬದ ಮೇಲಿನ ತಾಣ, ಒಣ ನೆಲ, ತಲೆಯ ಮೇಲೆ ಗಟ್ಟಿ ಮರಗಳು. ಸಂಜೆ ಒಲೆ ಹಚ್ಚುವ ಮೊದಲು ಅವನು ನೀರಿನ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ, ಅಜ್ಜನ ಊರಿನ ಹೆಸರೇನೆಂದು ಇನ್ನೊಮ್ಮೆ ಹೇಳೆಂದು ಕೇಳಿದ. ಹೇಳಿದೆವು. ಅವನು ಅದನ್ನು ಸರಿಯಾಗಿ ಉಚ್ಚರಿಸುವವರೆಗೆ ಮೂರು ಬಾರಿ ಹೇಳಿಸಿದೆವು.

ಹೋಳಿಗೆ ಆರುತ್ತಿದೆ.